ಜ್ಯೂರಿ ತೀರ್ಪಿನ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಅಪೀಲ್: ಸಾಕ್ಷಿಯನ್ನು ಮತ್ತೆ ಕರೆಸಬಹುದಾ?

ಕ್ಯಾಲಿಫೋರ್ನಿಯಾದಲ್ಲಿ ಜ್ಯೂರಿ (ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ) ನಿಮ್ಮ ಭಾವನವರನ್ನು ತಪ್ಪಿತಸ್ಥ ಎಂದಿದೆ. ಮುಖ್ಯ ಸಾಕ್ಷಿ ಸುಳ್ಳು ಹೇಳಿದ್ದಾನೆ, ಮೇಲಿನ ಕೋರ್ಟಿಗೆ ಅವನನ್ನು ಮತ್ತೆ ಕರೆಸಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ನಾನು ಇಲ್ಲಿ ಅಪೀಲ್ ಕೇಸುಗಳನ್ನೇ ನೋಡುವ ವಕೀಲರೊಬ್ಬರ ಆಫೀಸಿನಲ್ಲಿದ್ದೇನೆ. ಊರಿಂದ ಫೋನ್ ಮಾಡುವವರು ಮೊದಲು ಕೇಳುವುದೂ ಇದನ್ನೇ.

ನಮ್ಮ ಹೈಕೋರ್ಟಾದರೆ ಸಾಕ್ಷಿಗಳ ಹೇಳಿಕೆಯನ್ನು ಮೊದಲಿಂದ ಓದಿ, ನಂಬಬೇಕೋ ಬೇಡವೋ ಎಂದು ತಾನೇ ತೂಗಿ ನೋಡುತ್ತದೆ. ಇಲ್ಲಿ ಆ ಕೆಲಸ ಜ್ಯೂರಿಯದು. ಹನ್ನೆರಡೂ ಜನ ಒಪ್ಪಿ ಒಬ್ಬನನ್ನು ನಂಬಿದರೆಂದರೆ ಅಲ್ಲಿಗೆ ಮುಗಿಯಿತು. 'ಪುರಾವೆ ಸಾಲದು' ಎಂದು ವಾದಿಸಬಹುದು. ಆದರೆ ಪುರಾವೆಯನ್ನೆಲ್ಲ ಸರ್ಕಾರದ ಪರವಾಗಿಯೇ ಓದಿಕೊಂಡು, ವಿವೇಕ ಇರುವ ಯಾವುದೇ ಜ್ಯೂರಿ ಹೀಗೆ ತೀರ್ಮಾನಿಸಬಹುದಿತ್ತಾ ಎಂದಷ್ಟೇ ನೋಡುತ್ತಾರೆ. ಇದರಲ್ಲಿ ಗೆಲ್ಲುವುದು ಕಷ್ಟ.

ಹಾಗಾಗಿ ನಾವು ಹುಡುಕುವುದು ಜಡ್ಜ್ ಮಾಡಿದ ತಪ್ಪನ್ನು. ಜ್ಯೂರಿ ಚರ್ಚೆಗೆ ಕೂರುವ ಮುಂಚೆ ಜಡ್ಜ್ ಕಾನೂನು ಏನೆಂದು ಓದಿ ಹೇಳುತ್ತಾರಲ್ಲ, ನಾನಂತೂ ಮೊದಲು ತೆರೆಯುವುದು ಆ ಪುಟಗಳನ್ನೇ. ಆತ್ಮರಕ್ಷಣೆಯ ವಿಷಯ ಹೇಳಲೇಬೇಕಿತ್ತು, ಹೇಳಲಿಲ್ಲ ಎಂದಾದರೆ ಅದು ಗಟ್ಟಿ ಅಂಶ. ಬರಬಾರದ ಪುರಾವೆ ಒಳಗೆ ಬಂದಿದ್ದರೂ ಕೇಳಬಹುದು. ಆದರೆ ಅವತ್ತೇ ನಿಮ್ಮ ವಕೀಲರು ಆಕ್ಷೇಪ ಎತ್ತಿರಬೇಕು. ಸುಮ್ನೆ ಕೂತಿದ್ದರೆ ಸಾಮಾನ್ಯವಾಗಿ ಆ ಹಕ್ಕು ಹೋದಂತೆಯೇ. ತಪ್ಪು ಸಿಕ್ಕಿದರೂ ಸಾಲದು, ಅದರಿಂದ ಫಲಿತಾಂಶಕ್ಕೆ ಪೆಟ್ಟು ಬಿತ್ತಾ ಎಂಬ ಪ್ರಶ್ನೆ ಬರುತ್ತದೆ. ಸಂವಿಧಾನದ ಹಕ್ಕಿಗೆ ಧಕ್ಕೆಯಾಗಿದ್ದರೆ ಮಾತ್ರ, ಅಮೆರಿಕದ ಸುಪ್ರೀಂ ಕೋರ್ಟಿನ 1967ರ ಚಾಪ್‌ಮನ್ ತೀರ್ಪಿನ ಪ್ರಕಾರ, ಪೆಟ್ಟು ಬಿದ್ದಿಲ್ಲ ಎಂದು ತೋರಿಸುವ ಹೊರೆ ಸರ್ಕಾರದ್ದು.

ಸಾಕ್ಷಿಯ ಸುಳ್ಳಿಗೆ ಹೊಸ ಪುರಾವೆ ಸಿಕ್ಕಿದ್ದರೆ ಅದು ಅಪೀಲಿನಲ್ಲಿ ಬರುವುದಿಲ್ಲ, ಹೇಬಿಯಸ್ ಕಾರ್ಪಸ್ ಅರ್ಜಿ (ಜೈಲಿನಲ್ಲಿಟ್ಟಿರುವುದೇ ಕಾನೂನಿಗೆ ವಿರುದ್ಧ ಎಂದು ಕೇಳುವ ಅರ್ಜಿ) ಬೇರೆ ಹಾಕಬೇಕು.

ಈಗ ಅರ್ಜೆಂಟ್ ವಿಷಯ. ದೊಡ್ಡ ಅಪರಾಧವಾದರೆ (ಇಲ್ಲಿ ಫೆಲನಿ ಅನ್ನುತ್ತಾರೆ) ಶಿಕ್ಷೆ ಹೇಳಿದ ದಿನದಿಂದ 60 ದಿನದೊಳಗೆ ಅಪೀಲ್ ನೋಟಿಸ್ ಹಾಕಬೇಕು. ಸಣ್ಣದಾದರೆ 30 ದಿನ. ಫೆಡರಲ್ ಕೋರ್ಟಿನ (ಕೇಂದ್ರ ಸರ್ಕಾರದ ಕೋರ್ಟು) ಕೇಸಾದರೆ ಬರೀ 14. ನೋಟಿಸ್ ಕೊಡುವುದು ವಿಚಾರಣೆ ನಡೆದ ಕೋರ್ಟಿನಲ್ಲೇ. ಚಿಕ್ಕ ಫಾರಂ, ಕ್ಯಾಲಿಫೋರ್ನಿಯಾ ಕೋರ್ಟಿನಲ್ಲಾದರೆ ಫೀಸ್ ಇಲ್ಲ, ವಾದವನ್ನೆಲ್ಲ ಅದರಲ್ಲಿ ಬರೆಯಬೇಕಿಲ್ಲ. ಫೆಲನಿ ಕೇಸಿನಲ್ಲಿ ದುಡ್ಡಿಲ್ಲದಿದ್ದರೆ ಕೋರ್ಟೇ ವಕೀಲರನ್ನು ಕೊಡುತ್ತದೆ.

ಅಪೀಲ್ ಹಾಕಿದ ಮಾತ್ರಕ್ಕೆ ಭಾವ ಹೊರಗೆ ಬರುವುದಿಲ್ಲ. ಗೆದ್ದರೂ ಎಷ್ಟೋ ಕೇಸುಗಳು ಮರುವಿಚಾರಣೆಗೆ ಹೋಗುತ್ತವೆ. ಪುರಾವೆಯೇ ಸಾಲದು ಎಂದು ಗೆದ್ದರೆ ಮಾತ್ರ ಮತ್ತೆ ವಿಚಾರಣೆ ಇಲ್ಲ. ಅವರು ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿದ್ದರೆ ಇಮಿಗ್ರೇಷನ್ ವಕೀಲರನ್ನೂ ಈ ವಾರವೇ ಕಾಣಿ.