ಆಳಸಮುದ್ರದ ಹುಳು: ಮೊದಲು ಕುಟುಂಬ, ಹೆಸರು ಆಮೇಲೆ

ಸೌಮ್ಯಾ ಅವರೇ, ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮಧ್ಯ ಹಿಂದೂ ಮಹಾಸಾಗರದ ಸುಮಾರು 5,000 ಮೀಟರ್ ಆಳದ ಕೆಸರಲ್ಲಿ ಸಿಕ್ಕ ಹುಳುಗಳಿಗೆ ಪ್ರಾಜೆಕ್ಟ್ ವರದಿಯಲ್ಲಿ ಯಾವ ಪ್ರಭೇದ ಅಂತ ಬರೆಯಬೇಕು ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದನ್ನೂ ಬರೆಯಬೇಡಿ. ಕುಟುಂಬದವರೆಗೆ ಗಟ್ಟಿಯಾಗಿ ಹೋಗಿ, ಅಲ್ಲಿಂದಾಚೆಗೆ, ಉದಾಹರಣೆಗೆ ಸ್ಪಿಯೋನಿಡೇ ಕುಟುಂಬದ್ದು ಅಂತ ಖಚಿತವಾದರೆ, ‘ಸ್ಪಿಯೋನಿಡೇ, ಪ್ರಭೇದ 1’ ಅಂತ ನಿಲ್ಲಿಸಿ.

ಮೊದಲು ಬಿರುಗೂದಲು ನೋಡಿ. ನಿಮ್ಮ ಎರಡನೇ ಫೋಟೊದಲ್ಲಿ ಉಂಗುರಗಳೂ ಇಲ್ಲ, ಪಕ್ಕದಲ್ಲಿ ಬಿರುಗೂದಲೂ ಇಲ್ಲ, ಎರಡೂ ತುದಿ ಚೂಪು, ಕೂದಲೆಳೆಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಅದು ನೆಮಟೋಡ್ (ದುಂಡುಹುಳು), ಬೇರೆ ಟ್ಯೂಬಿಗೆ ಹಾಕಿ. ಉಳಿದವು ಪಾಲಿಕೀಟ್‌ಗಳೇ, ಅಂದರೆ ಉಂಗುರ ಉಂಗುರವಾದ ಮೈಯ ಪಕ್ಕದಲ್ಲಿ ಬಿರುಗೂದಲಿರುವ ಹುಳುಗಳು.

ತೊಡಕು ಇರುವುದು ಮೂರನೆಯದರಲ್ಲಿ. ಆಳಸಮುದ್ರದ ಕೆಸರಲ್ಲಿ ಸ್ಪಿಯೋನಿಡೇ, ಪ್ಯಾರಾವೋನಿಡೇ, ಸಿರಾಟುಲಿಡೇ ಈ ಮೂರೂ ಪಾಲಿಕೀಟ್ ಕುಟುಂಬಗಳು ಧಾರಾಳವಾಗಿ ಸಿಗುತ್ತವೆ. ಜರಡಿಯಲ್ಲಿ ತೊಳೆದು ಬರುವಷ್ಟರಲ್ಲಿ ಮೈಮೇಲಿನದೆಲ್ಲ ಉದುರಿ ಮೂರೂ ಒಂದೇ ತರಹ ಕಾಣುತ್ತವೆ. ಸ್ಪಿಯೋನಿಡ್‌ಗೆ ತಲೆಯ ಹತ್ತಿರ ಎರಡು ಉದ್ದನೆಯ ಸ್ಪರ್ಶಕ ಇರುತ್ತವೆ, ಮುಟ್ಟಿದರೆ ಕಳಚಿಕೊಳ್ಳುತ್ತವೆ. ಆದರೆ ಬಿದ್ದ ಜಾಗದಲ್ಲಿ ದುಂಡನೆಯ ಗುರುತು ಉಳಿಯುತ್ತದೆ. ನಿಮ್ಮ ಫೋಟೊದಲ್ಲಿ ತಲೆಯ ಹಿಂದೆ ಬಲಬದಿಗೆ ಅಂಥದ್ದೊಂದು ಮಸುಕಾಗಿ ಕಾಣುತ್ತಿದೆ. ಸೂಜಿಯಿಂದ ಮೆಲ್ಲಗೆ ಹೊರಳಿಸಿ ಎಡಬದಿಯನ್ನೂ ನೋಡಿ. ಪ್ಯಾರಾವೋನಿಡ್‌ಗೆ ಸ್ಪರ್ಶಕವೇ ಇರುವುದಿಲ್ಲ, ಮೈಯ ಮೊದಲ ಕೆಲವು ಖಂಡ (ಉಂಗುರ) ಬಿಟ್ಟು, ಸಾಮಾನ್ಯವಾಗಿ ನಾಲ್ಕನೆಯದರ ಆಸುಪಾಸಿನಿಂದ, ಬೆನ್ನ ಮೇಲೆ ಜೋಡಿ ಕಿವಿರು ಶುರುವಾಗುತ್ತದೆ. ಸಿರಾಟುಲಿಡ್‌ನ ಕಿವಿರು ದಾರದಂತೆ ತೆಳ್ಳಗೆ, ಉದ್ದ. ಇಷ್ಟಕ್ಕೂ ಅನುಮಾನ ಉಳಿದರೆ ಗ್ಲಿಸರಿನ್‌ನಲ್ಲಿ ಸ್ಲೈಡ್ ಮಾಡಿ, ಹಿಂಭಾಗದ ಖಂಡಗಳನ್ನು ಕಾಂಪೌಂಡ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಬಿರುಗೂದಲುಗಳ ಮಧ್ಯೆ ಪಾರದರ್ಶಕ ಟೋಪಿ ಹಾಕಿಕೊಂಡ ಕೊಕ್ಕೆ ಕಂಡರೆ ಸ್ಪಿಯೋನಿಡ್ ಕಡೆಗೆ ತೂಕ ಜಾಸ್ತಿ. ಕವರ್ ಸ್ಲಿಪ್ ಒತ್ತಬೇಡಿ, ಹುಳು ಒಡೆದುಹೋಗುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣ ಕೆಸರಿನಿಂದ ಹುಳು ಆರಿಸಲು ಸುಲಭ ಮಾಡುತ್ತದೆ, ಆದರೆ ಮಿಥೈಲ್ ಗ್ರೀನ್ ಎಂಬ ಇನ್ನೊಂದು ಬಣ್ಣ ಹಾಕಿದಾಗ ಮೂಡಬೇಕಾದ ಗ್ರಂಥಿಗಳ ವಿನ್ಯಾಸವನ್ನು ಮುಚ್ಚಿಬಿಡುತ್ತದೆ. ಕೆಲವು ಕುಟುಂಬಗಳಲ್ಲಿ ಪ್ರಭೇದ ಬೇರ್ಪಡಿಸಲು ಆ ವಿನ್ಯಾಸವೇ ದಾರಿ. ಹಾಗಾಗಿ ಒಂದಷ್ಟು ಮಾದರಿಗಳಿಗೆ ಬಣ್ಣ ಹಾಕದೇ ಇಡಿ. ಎಣಿಸುವಾಗ ತಲೆ ಇರುವ ತುಂಡನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ, ಬಾಲದ ಚೂರುಗಳನ್ನಲ್ಲ.

ಇನ್ನು ಹೆಸರಿನ ವಿಷಯ. ನೀವು ಬಳಸುತ್ತಿರುವ ಕೀ (ಲಕ್ಷಣ ನೋಡುತ್ತಾ ಹೆಸರಿಗೆ ತಲುಪುವ ಪಟ್ಟಿ) ಕರಾವಳಿಯ ಮಾದರಿಗಳನ್ನು ನೋಡಿ ಬರೆದದ್ದು. ಅದನ್ನು ಹಿಡಿದು ಹೋದರೆ ಕೊನೆಗೆ ಯಾವುದೋ ಒಂದು ಹೆಸರಿಗೆ ತಲುಪಿಯೇ ತಲುಪುತ್ತೀರಿ, ಅದು ಸರಿ ಎಂದು ಅರ್ಥವಲ್ಲ. ಪೆಸಿಫಿಕ್ ತಳದಲ್ಲಿ ಲೋಹದ ಗಂಟುಗಳಿರುವ ಕ್ಲಾರಿಯನ್-ಕ್ಲಿಪರ್ಟನ್ ವಲಯದ ಬಗ್ಗೆ 2023ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅಂದಾಜು 5,578 ಪ್ರಾಣಿ ಪ್ರಭೇದಗಳ ಪೈಕಿ ಶೇ 88ರಿಂದ 92ರಷ್ಟಕ್ಕೆ ಇನ್ನೂ ಹೆಸರೇ ಇರಲಿಲ್ಲ. ನಮ್ಮ ಹಿಂದೂ ಮಹಾಸಾಗರದ ತಳದಲ್ಲೂ ಲೋಹದ ಗಂಟುಗಳಿವೆ, ಅಲ್ಲಿ 75,000 ಚದರ ಕಿಲೋಮೀಟರಿನಲ್ಲಿ ಅನ್ವೇಷಣೆಗೆ ಭಾರತ 2002ರಲ್ಲೇ ಒಪ್ಪಂದ ಮಾಡಿಕೊಂಡಿದೆ. ಎಲ್ಲ ಕಡೆ ಸಿಗುವ ಹುಳುವಿನ ಹೆಸರನ್ನು ಅಲ್ಲಿ ಮಾತ್ರ ಬದುಕುವ ಹುಳುವಿಗೆ ನಾವು ಅಂಟಿಸಿಬಿಟ್ಟರೆ, ನಾಳೆ ಗಣಿಗಾರಿಕೆ ಬಂದಾಗ ಅದು ನಾಶವಾದರೂ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ.

ಮುಂದಿನ ಸಲ ಯಾರಾದರೂ ಹಡಗಿನಲ್ಲಿ ಹೋಗುವುದಿದ್ದರೆ, ಒಂದಷ್ಟು ಹುಳುಗಳನ್ನು ತಣ್ಣನೆಯ ಸಮುದ್ರನೀರಿನಲ್ಲಿಟ್ಟು ಜೀವ ಇರುವಾಗಲೇ ಫೋಟೊ ತೆಗೆದು, ಫಾರ್ಮಲಿನ್ ಸೋಕಿಸದೆ ಬೇರೆ ರಾಸಾಯನಿಕ ಬೆರೆಸದ ಶೇ 80ರ ಎಥನಾಲ್‌ಗೆ ಹಾಕಿ ತಂಪಿನಲ್ಲಿಡಲು ಹೇಳಿ. ಫಾರ್ಮಲಿನ್ ಕಂಡ ಮಾದರಿಯಿಂದ ಡಿಎನ್‌ಎ ತೆಗೆಯುವುದು ತುಂಬಾ ಕಷ್ಟ. ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಟ್ಯೂಬಿನ ಒಳಗೇ ಹಾಕಿ, ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ.

ಮೂರನೇ ಹುಳುವಿನ ಎಡಬದಿಯ ಫೋಟೊ, ಕೊಕ್ಕೆ ಕಂಡರೆ ಅದರದ್ದೂ ಒಂದು, ಸ್ಕೇಲ್ ಸಮೇತ ಇಲ್ಲೇ ಹಾಕಿ. ಕುಲದವರೆಗೆ (ಜೀನಸ್) ಹೋಗಬಹುದಾ ಅಂತ ನೋಡೋಣ.