ಅಮೆರಿಕದಲ್ಲಿ ಬಡ ಕಪ್ಪು ಒಂಟಿ ತಾಯಂದಿರಿಗೆ ಷರತ್ತಿಲ್ಲದೆ ದುಡ್ಡು ಕೊಡುತ್ತಾರಂತೆ, ನಿಜವಾ?

ನಿಜ. ಮಿಸಿಸಿಪಿಯ ಜಾಕ್ಸನ್ ನಗರದ ಮ್ಯಾಗ್ನೋಲಿಯಾ ಮದರ್ಸ್ ಟ್ರಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಆಯಿಶಾ ನ್ಯಾಂಡೊರೊ ಮುನ್ನಡೆಸುವ ಸ್ಪ್ರಿಂಗ್‌ಬೋರ್ಡ್ ಟು ಆಪರ್ಚುನಿಟೀಸ್ ಎಂಬ ಸ್ಥಳೀಯ ಸಂಸ್ಥೆ 2018ರ ಕೊನೆಗೆ ಇದನ್ನು ಶುರು ಮಾಡಿತು. ಸರ್ಕಾರದ ಸಬ್ಸಿಡಿ ಇರುವ ಬಾಡಿಗೆ ಮನೆಗಳಲ್ಲಿದ್ದ 20 ಕಪ್ಪು ತಾಯಂದಿರಿಗೆ ಒಂದು ವರ್ಷ, ತಿಂಗಳಿಗೆ 1,000 ಡಾಲರ್. ಮುಂದಿನ ತಂಡಗಳು ಇನ್ನೂ ದೊಡ್ಡವು. ಹಣ ದಾನಿಗಳದ್ದು. ಖರ್ಚಿನ ಲೆಕ್ಕ ಯಾರೂ ಕೇಳುವುದಿಲ್ಲ.

ನನಗೆ ಇಷ್ಟವಾಗುವುದು ಇದು ಹುಟ್ಟಿದ ರೀತಿ. ನಿಮಗೆ ಏನು ಬೇಕು ಅಂತ ಸಂಸ್ಥೆ ಮೊದಲು ತಾಯಂದಿರನ್ನೇ ಕೇಳಿತು. ಕೈಯಲ್ಲಿ ಸ್ವಲ್ಪ ದುಡ್ಡು ಬೇಕು ಅಂದರು ಅವರು. ಮಗುವಿಗೆ ಜ್ವರ ಬಂದ ದಿನ ರಜೆ ಹಾಕಿದರೆ ಸಂಬಳ ಕಟ್. ಕೆಟ್ಟ ಕಾರು ರಿಪೇರಿ ಆಗದಿದ್ದರೆ ಕೆಲಸಕ್ಕೇ ಕುತ್ತು. ಇಂಥದ್ದಕ್ಕೆ ತರಬೇತಿ ಶಿಬಿರ ಏನು ಮಾಡೀತು?

ಸರ್ಕಾರದ ನೆರವು ಇರಲಿಲ್ಲವಾ ಅಂದರೆ, ಇತ್ತು. ಆದರೆ ಆಗ ಮಿಸಿಸಿಪಿಯಲ್ಲಿ ಮೂವರ ಕುಟುಂಬಕ್ಕೆ ತಿಂಗಳಿಗೆ ಹೆಚ್ಚೆಂದರೆ 170 ಡಾಲರ್, ಅದಕ್ಕೂ ಹತ್ತಾರು ಷರತ್ತು. ಅದೇ ನೆರವಿನ ನಿಧಿಯ ಕೋಟ್ಯಂತರ ಡಾಲರ್ ದುರ್ಬಳಕೆಯಾಗಿ ಎಲ್ಲೆಲ್ಲೋ ಹೋದದ್ದು 2020ರ ಆಡಿಟ್‌ನಲ್ಲಿ ಬಯಲಾಯಿತು. ಲೆಕ್ಕ ಕೇಳಬೇಕಿದ್ದದ್ದು ಯಾರನ್ನು, ಹೇಳಿ!

ಒಂದು ತೊಡಕು ಇದೆ. ಕೈಗೆ ಬರುವ ಹಣ ಹೆಚ್ಚಾದರೆ ಸರ್ಕಾರದ ಆಹಾರ ನೆರವು ಕಡಿಮೆಯಾಗಬಹುದು. ಹಾಗಾಗಿ ಯಾವುದೇ ಊರಿನಲ್ಲಿ ಇಂಥ ಯೋಜನೆಗೆ ಸೇರುವ ಮೊದಲು ಆ ಲೆಕ್ಕ ವಿಚಾರಿಸಿಕೊಳ್ಳುವುದು ಒಳ್ಳೆಯದು.