‘ಥೇಟ್ ಫೋಟೋ’ ಅಂದರೆ ಸಾಲದು

ನಮಸ್ಕಾರ.

ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ. ಇಸವಿಗಳು ಸರಿಯಾಗಿವೆ. 2017ರಲ್ಲಿ ಹಲವು ಹೆಂಗಸರು ಅವರ ಮೇಲೆ ಮಾಡಿದ ಲೈಂಗಿಕ ಕಿರುಕುಳದ ಆರೋಪಗಳನ್ನು ನೀವು ಮುಚ್ಚಿಟ್ಟಿಲ್ಲ, ಅದು ಒಳ್ಳೆಯದು.

ಆದರೂ ಈಗಿರುವ ಹಾಗೆ ಇದನ್ನು ಹಾಕಲಾರೆ. ಎರಡು ಕಡೆ ನನಗೆ ಸಿಟ್ಟು ಬಂತು. ಅವೆರಡನ್ನೇ ಹೇಳುತ್ತೇನೆ.

ಮೊದಲನೆಯದು ಈ ಸಾಲು: ‘ಬಿಗ್ ಸೆಲ್ಫ್ ಪೋರ್ಟ್ರೇಟ್ ನೋಡಿದರೆ ಥೇಟ್ ಫೋಟೋ ಅನ್ನಿಸುತ್ತದೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬಿಡಿಸುವ ಅದ್ಭುತ ಪ್ರತಿಭೆ.’ ‘ಥೇಟ್ ಫೋಟೋ’ ಲೇಖನದಲ್ಲಿ ಆರು ಸಲ ಬಂದಿದೆ. ಎಣಿಸಿದೆ.

ಕಣ್ಣಿಗೆ ಕಂಡ ಹಾಗೇನಾ? ಕ್ಲೋಸ್ ತಮ್ಮದೇ ಮುಖ ಬಿಡಿಸಿದ ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ಕೆದರಿದ ಕೂದಲು, ದಪ್ಪ ಕನ್ನಡಕ, ಬಾಯಲ್ಲಿ ಸಿಗರೇಟು. ಕಣ್ಣಿನ ಸುತ್ತ ಎಲ್ಲವೂ ಸ್ಪಷ್ಟ. ಸಿಗರೇಟಿನ ತುದಿ ಮಾತ್ರ ಮಸುಕು. ಹಿಂದೆ ಕಿವಿಯ ಹತ್ತಿರ ಹೋದರೆ ಮತ್ತೆ ಮಸುಕು. ಎದುರಿಗೆ ಕೂತ ಮನುಷ್ಯ ನಮಗೆ ಹೀಗೆ ಕಾಣುವುದಿಲ್ಲ. ಕಿವಿ ನೋಡಬೇಕು ಅನ್ನಿಸಿದ ಕೂಡಲೇ ಕಣ್ಣು ಅಲ್ಲಿಗೆ ಹೋಗುತ್ತದೆ, ಕಿವಿ ಸ್ಪಷ್ಟವಾಗುತ್ತದೆ. ಮಸುಕು ಮಸುಕಾಗೇ ಉಳಿಯುವುದು ಲೆನ್ಸಿನ ಗುಣ. ಕ್ಲೋಸ್ ಆ ಮಸುಕನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸಿದರು. ಅವರ ಮುಂದೆ ಇದ್ದದ್ದು ಮುಖ ಅಲ್ಲ, ಮುಖದ ಫೋಟೋ. ಇದನ್ನು ನೀವು ಒಂದೇ ಒಂದು ಸಲ ಹೇಳಿದ್ದರೂ ‘ಥೇಟ್ ಫೋಟೋ’ ಅನ್ನುವ ಮಾತಿಗೆ ಅರ್ಥ ಬರುತ್ತಿತ್ತು. ಈಗ ಅದು ಸುಮ್ನೆ ಹೊಗಳಿಕೆ. ನೀವು ಅವರನ್ನು ಹೈಪರ್‌ರಿಯಲಿಸ್ಟ್ (ಫೋಟೋದಷ್ಟೇ ನಿಖರವಾಗಿ ಬಿಡಿಸುವವರು) ಅಂತ ಕರೆದಿದ್ದೀರಿ. ಇಂಥ ಹಣೆಪಟ್ಟಿ ಅವರಿಗೇ ಇಷ್ಟವಿರಲಿಲ್ಲ ಅನ್ನುವುದನ್ನೂ ಸೇರಿಸಬೇಕು.

ಅದರ ಮುಂದಿನ ಸಾಲು: ‘ತಪಸ್ಸಿನಂತೆ ದುಡಿದು ಕುಂಚದಿಂದ ಜೀವ ತುಂಬಿದರು.’ ಯಾವ ಕುಂಚ? ತೆಳುವಾದ ಕಪ್ಪು ಅಕ್ರಿಲಿಕ್ ಬಣ್ಣವನ್ನು ಏರ್‌ಬ್ರಶ್‌ನಿಂದ ಸಿಂಪಡಿಸಿ ಮಾಡಿದ ಚಿತ್ರ ಅದು. ಬಿಳಿ ಬಣ್ಣ ಬಳಿದೇ ಇಲ್ಲ. ಕಾಣುವ ಬಿಳುಪೆಲ್ಲ ಕ್ಯಾನ್ವಾಸಿನದೇ. ಕಪ್ಪು ಜಾಸ್ತಿಯಾದ ಕಡೆ ಬ್ಲೇಡಿನಿಂದ ಕೆರೆದು ತೆಗೆದರು. ಡ್ರಿಲ್ ಮಷೀನಿಗೆ ರಬ್ಬರ್ ಸಿಕ್ಕಿಸಿ ಉಜ್ಜಿದರು. 1970ರಲ್ಲಿ ಬಣ್ಣದ ಚಿತ್ರಗಳಿಗೆ ಕೈ ಹಾಕಿದಾಗ ಮೂರೇ ಬಣ್ಣ ಇಟ್ಟುಕೊಂಡರು. ಪ್ರೆಸ್ಸಿನಲ್ಲಿ ಕಲರ್ ಪುಟ ಅಚ್ಚಾಗುವ ಹಾಗೆ ನೀಲಿ, ಮಜೆಂಟಾ, ಹಳದಿ, ಒಂದರ ಮೇಲೊಂದು. ಒಂದೇ ಮುಖವನ್ನು ಮೂರು ಸಲ ಬಿಡಿಸಬೇಕಿತ್ತು. 1978–79ರ ‘ಮಾರ್ಕ್’ ಚಿತ್ರಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ‘ತಪಸ್ಸು’ ಅನ್ನುವ ಪದ ಇದನ್ನೆಲ್ಲ ನುಂಗಿಬಿಟ್ಟಿತು. ನನಗೆ ಸಂಕಟವಾಗಿದ್ದು ಅದಕ್ಕೇ.

ಈ ಸಂಕಟ ಹಳೆಯದು. ನಾನು ವಾರಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ, ಗಾಂಧಿನಗರದಲ್ಲಿ ಸಿನಿಮಾ ಬ್ಯಾನರ್ ಬರೆಯುವವರೊಬ್ಬರ ಬಗ್ಗೆ ಬರೆಯಲು ಕಳಿಸಿದರು. ಅರ್ಧ ದಿನ ಅವರ ಶೆಡ್ಡಿನಲ್ಲಿ ಕೂತು ಬಂದೆ. ‘ಬಟ್ಟೆಗೆ ಜೀವ ತುಂಬುವ ಮಾಂತ್ರಿಕ’ ಅಂತ ಶುರು ಮಾಡಿ ನಾಲ್ಕು ಪುಟ ಬರೆದೆ. ನಮ್ಮ ಹಿರಿಯ ಉಪಸಂಪಾದಕರು ಪೂರ್ತಿ ಓದಿದರು. ‘ಬೆಳಿಗ್ಗೆ ಬಂದು ಅವರು ಮೊದಲು ಏನು ಮಾಡ್ತಾರಪ್ಪ?’ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹಾಳೆಗಳನ್ನು ವಾಪಸು ಕೊಟ್ಟರು.

ಮಾರನೇ ದಿನ ಏಳು ಗಂಟೆಗೇ ಹೋದೆ. ಅವರು ನಟನ ಫೋಟೋ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿದರು. ಆಮೇಲೆ ದಾರಕ್ಕೆ ನೀಲಿ ಪುಡಿ ಸವರಿದರು. ನನಗೆ ಒಂದು ತುದಿ ಹಿಡಿಯಲು ಹೇಳಿದರು. ದಾರವನ್ನು ಬಿಗಿಯಾಗಿ ಎಳೆದು ಮಧ್ಯೆ ಮೀಟಿ ಬಿಟ್ಟರು, ಬಟ್ಟೆಯ ಮೇಲೆ ನೇರ ಗೆರೆ ಬಿತ್ತು. ಹಾಗೇ ಬಟ್ಟೆ ತುಂಬ ಚೌಕಗಳಾದವು. ಏಣಿ ಹತ್ತಿದ ಮೇಲೆ ಅವರಿಗೆ ಮುಖ ಕಾಣುವುದೇ ಇಲ್ಲ. ಆ ಒಂದು ಚೌಕದಲ್ಲಿ ಕಪ್ಪು ಎಷ್ಟು, ಕಂದು ಎಷ್ಟು, ಅಷ್ಟೇ. ಇಳಿದು ರಸ್ತೆಯ ಆಚೆ ಹೋಗಿ ನಿಂತು ನೋಡಿದಾಗ ಮಾತ್ರ ಮುಖ. ನಾಲ್ಕು ಪುಟದಲ್ಲಿ ನನಗೆ ಸಿಗದ ಮನುಷ್ಯ ಆ ದಾರ ಹಿಡಿದ ಹೊತ್ತಿನಲ್ಲಿ ಸಿಕ್ಕಿದರು. ನನ್ನ ಬೆರಳಿನ ನೀಲಿ ಎರಡು ದಿನ ಹೋಗಲಿಲ್ಲ. ಲೇಖನವನ್ನು ಅಲ್ಲಿಂದಲೇ ಶುರು ಮಾಡಿದೆ, ಅಚ್ಚಾಯಿತು.

ನ್ಯೂಯಾರ್ಕಿನಲ್ಲಿ ಕ್ಲೋಸ್ ಮಾಡಿದ್ದೂ ಇದೇ ಚೌಕದ ಕೆಲಸ. ಅದಕ್ಕೇ ನಿಮ್ಮ ಲೇಖನದ ಕೊನೆಯ ಪುಟದಲ್ಲಿ ಬೆಚ್ಚಿಬಿದ್ದೆ. ಇದು ನನ್ನ ಎರಡನೇ ತಕರಾರು.

ನೀವು ಬರೆದಿದ್ದೀರಿ: ‘1988ರಲ್ಲಿ ವಿಧಿ ಅವರ ಕೈಯನ್ನು ಕಸಿದುಕೊಂಡಿತು. ಆದರೆ ಸೋಲೊಪ್ಪದ ಕಲಾವಿದ ಗಾಲಿಕುರ್ಚಿಯಲ್ಲಿ ಕೂತೇ ಬಣ್ಣದ ಚೌಕಗಳ ಹೊಸ ಶೈಲಿಯನ್ನು ಹುಟ್ಟುಹಾಕಿದರು.’

ಕೇಳಲು ಚೆನ್ನಾಗಿದೆ. ಆದರೆ ನಿಜವಲ್ಲ. 1988ರ ಡಿಸೆಂಬರ್ 7ರಂದು ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ಅವರ ದೇಹ ಸ್ವಾಧೀನ ತಪ್ಪಿತು, ಅದು ಹೌದು. ಅದಕ್ಕೂ ಮೊದಲಿನ, 1986–87ರ ‘ಲೂಕಾಸ್’ ಚಿತ್ರ ನೋಡಿ. ಬಣ್ಣಬಣ್ಣದ ತುಣುಕುಗಳು, ಗೀಟುಗಳು, ಎಲ್ಲ ಆಗಲೇ ಇವೆ. ಹತ್ತಿರದಿಂದ ಬರೀ ಬಣ್ಣ, ದೂರದಿಂದ ಮುಖ. ದಾರಿ ಆಗಲೇ ಹಿಡಿದಾಗಿತ್ತು. ಕಾಯಿಲೆ ಬಂದ ಮೇಲೂ ಅದೇ ದಾರಿಯಲ್ಲಿ ಹೋದರು. ಅವರ ದುಡಿಮೆಯ ಫಲವನ್ನು ನೀವು ವಿಧಿಯ ಲೆಕ್ಕಕ್ಕೆ ಬರೆದಿದ್ದೀರಿ. ಇದನ್ನು ನಾನು ಒಪ್ಪಲಾರೆ.

ಮತ್ತೆ, ‘ಸೋಲೊಪ್ಪದ’ ಅನ್ನುವ ಬದಲು ಹೇಗೆ ಅಂತ ಹೇಳಿ. ಕುಂಚವನ್ನು ಕೈಗೆ ಪಟ್ಟಿಯಿಂದ ಬಿಗಿದುಕೊಂಡರು. ಬೆರಳು ಆಡದ್ದರಿಂದ ತೋಳನ್ನೇ ಆಡಿಸಿ ಬಿಡಿಸಿದರು. ಗಾಲಿಕುರ್ಚಿಯಿಂದ ಎತ್ತರಕ್ಕೆ ಕೈ ಎಟುಕದ್ದಕ್ಕೆ ಸ್ಟುಡಿಯೋದ ನೆಲದಲ್ಲಿ ಸೀಳು ಬಿಡಿಸಿ, ಮೋಟಾರಿನಿಂದ ಕ್ಯಾನ್ವಾಸೇ ಮೇಲೆ ಕೆಳಗೆ ಹೋಗುವ ಹಾಗೆ ಮಾಡಿಸಿದರು. ನನಗೆ ಓದಬೇಕು ಅನ್ನಿಸುವುದು ಆ ಸೀಳಿನ ಬಗ್ಗೆ.

ಇನ್ನೊಂದು ಮಾತು. ಅವರಿಗೆ ಮುಖಗಳ ಗುರುತು ಸಿಗುತ್ತಿರಲಿಲ್ಲ ಅನ್ನುವುದನ್ನು ಕೊನೆಯಲ್ಲಿ ‘ಸ್ವಾರಸ್ಯಕರ ಸಂಗತಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ದಯವಿಟ್ಟು ಅದನ್ನು ಮೊದಲ ಪುಟಕ್ಕೆ ತನ್ನಿ. ಎದುರಿಗಿರುವವರು ತಲೆ ಸ್ವಲ್ಪ ತಿರುಗಿಸಿದರೆ ಹೊಸ ಮುಖ. ಫೋಟೋದಲ್ಲಿ ಚಪ್ಪಟೆಯಾದ ಮುಖ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಅಂಥವರು ಬದುಕಿಡೀ ಬಿಡಿಸಿದ್ದು ಗೆಳೆಯರ, ಮನೆಯವರ, ತಮ್ಮದೇ ಮುಖಗಳನ್ನು. 1985ರಲ್ಲಿ ಹೆಂಡತಿಯ ಅಜ್ಜಿ ಫ್ಯಾನಿಯ ದೊಡ್ಡ ಮುಖವನ್ನು ಬರೀ ಬೆರಳಚ್ಚುಗಳಿಂದ ಮೂಡಿಸಿದರು. ಅಜ್ಜಿಯ ಕೆನ್ನೆಯ ಸುಕ್ಕನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಬಿಡಿಸಿದ ಚಿತ್ರ ಅದು. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ. ಇದ್ದಿದ್ದರೆ ಬಹುಶಃ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಮತ್ತೆ ಬರೆದು ಕಳಿಸಿ, ಕಾಯುತ್ತೇನೆ. ಬರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಬಿಗ್ ಸೆಲ್ಫ್ ಪೋರ್ಟ್ರೇಟ್ 273 ಸೆಂ.ಮೀ. ಎತ್ತರ, 212 ಸೆಂ.ಮೀ. ಅಗಲ. ಟೇಪು ಹಿಡಿದು ನಿಮ್ಮ ಮನೆಯ ಗೋಡೆಯ ಮೇಲೆ ಆ ಅಳತೆಗೆ ಚಾಕ್‌ಪೀಸಿನಿಂದ ಗುರುತು ಹಾಕಿ. ಮೂಗು ಎಲ್ಲಿ ಬರುತ್ತದೆ ಅಂತ ಅಂದಾಜು ಮಾಡಿ, ಅದರ ಎದುರು ಒಂದು ಗೇಣು ದೂರದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.